ಎಲ್ಲ ಸಿಸ್ಟಮ್ ಕಲಿತರೂ ಬಾಲ್ ಯಾಕೆ ಬೀಳ್ತಿಲ್ಲ?

ಪ್ರಶ್ನೆ: ನನಗೆ 29 ವರ್ಷ, ಮನೆ ವಿಜಯನಗರದಲ್ಲಿ. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಪಾರ್ಲರ್‌ಗೆ ಹೋಗಿ ಪೂಲ್ ಆಡುತ್ತೇನೆ, ಒಮ್ಮೊಮ್ಮೆ ಸ್ನೂಕರ್. ನೇರಕ್ಕಿರುವ ಬಾಲ್ ಬೀಳುತ್ತದೆ. ಕಟ್, ಅಂದರೆ ಓರೆಯಾಗಿ ತಾಗಿಸಿ ಬೀಳಿಸಬೇಕಾದ ಬಾಲ್, ಬಂದರೆ ಹತ್ತಕ್ಕೆ ನಾಲ್ಕು ಬಿದ್ದರೆ ಹೆಚ್ಚು. ವಿಡಿಯೊ ನೋಡಿ ಗುರಿ ಇಡುವ ಪದ್ಧತಿಗಳಲ್ಲಿ ಮೊದಲು ಘೋಸ್ಟ್ ಬಾಲ್ ಕಲಿತೆ, ಆಮೇಲೆ ಹಾಫ್ ಬಾಲ್, ಕ್ವಾರ್ಟರ್ ಬಾಲ್ ಲೆಕ್ಕ, ಈಗ ಸೆಂಟರ್ ಟು ಎಡ್ಜ್. ಪ್ರತಿಯೊಂದೂ ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವ ಏಮಿಂಗ್ ಸಿಸ್ಟಮ್ ಯಾವುದು? ಒಂದನ್ನೇ ಹಿಡಿಯಬೇಕು ಅಂದರೆ ಯಾವುದನ್ನು ಹಿಡಿಯಲಿ?

ಉತ್ತರ: ‘ಒಂದು ವಾರ ಚೆನ್ನಾಗಿರುತ್ತದೆ’ ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಹೊಸ ಸಿಸ್ಟಮ್ ಕೈಗೆ ಬಂದ ವಾರ ನೀವು ಆತುರ ಮಾಡುವುದಿಲ್ಲ. ಬಾಲ್ ಹಿಂದೆ ಹೋಗಿ ನಿಲ್ಲುತ್ತೀರಿ, ಪಾಕೆಟ್ ನೋಡುತ್ತೀರಿ, ಲೆಕ್ಕ ಹಾಕುತ್ತೀರಿ, ಆಮೇಲೆ ಬಗ್ಗುತ್ತೀರಿ. ಎರಡನೇ ವಾರದ ಹೊತ್ತಿಗೆ ಅದು ರೂಢಿಯಾಗುತ್ತದೆ, ಮೊದಲು ಬಗ್ಗಿ ಆಮೇಲೆ ಗುರಿ ಹುಡುಕುವ ಹಳೇ ಅಭ್ಯಾಸ ವಾಪಸ್ ಬರುತ್ತದೆ. ನಿಮಗೆ ಫಲ ಕೊಟ್ಟದ್ದು ಆ ವಾರದ ನಿಧಾನ. ಇಷ್ಟು ವರ್ಷ ಕಲಿಸಿದ ಅನುಭವದಲ್ಲಿ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಹಾಗಂತ ಸಿಸ್ಟಮ್‌ಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾವ ಸಿಸ್ಟಮ್ ತೆಗೆದುಕೊಂಡರೂ ಅದು ಹೇಳುವುದು ಒಂದೇ: ಬಾಲ್‌ಗೆ ತಾಗುವ ಹೊತ್ತಿಗೆ ವೈಟ್, ಅಂದರೆ ನಾವು ಕ್ಯೂ (ಕೋಲು) ಹಿಡಿದು ಹೊಡೆಯುವ ಬಿಳಿ ಬಾಲ್, ಎಲ್ಲಿರಬೇಕು. ಆ ಜಾಗಕ್ಕೆ ವೈಟ್ ಕಳಿಸುವುದು ನಿಮ್ಮ ಕೈಯ ಕೆಲಸ. ತಾಗಿದ ಮೇಲೆ ಬಾಲ್ ಎತ್ತ ಹೋಗುತ್ತದೆ ಅನ್ನುವುದರಲ್ಲಿ ಎರಡು ಬಾಲ್‌ಗಳ ನಡುವಿನ ಉಜ್ಜಾಟದ್ದೂ ಪಾಲಿದೆ. ಈ ಮೂರರಲ್ಲಿ ನಿಮ್ಮದು ಎಲ್ಲಿ ಜಾರುತ್ತಿದೆ ಅಂತ ಗೊತ್ತಾಗದೆ ಸಿಸ್ಟಮ್ ಬದಲಾಯಿಸಿದರೆ, ಕಾಲಿಗೆ ಪೆಟ್ಟಾಗಿರುವಾಗ ಕೈಗೆ ಬ್ಯಾಂಡೇಜ್ ಸುತ್ತಿದ ಹಾಗೆ.

ಮೊದಲು ಘೋಸ್ಟ್ ಬಾಲ್. ಮಿಕ್ಕೆಲ್ಲ ಅದರ ಮಕ್ಕಳೇ.

ಕೇರಂ ಆಡಿದ್ದೀರಿ ಅಲ್ವಾ? ಕಾಯಿನ್‌ಗೆ ಕಟ್ ಕೊಡುವಾಗ ಅದರ ಹಿಂದೆ ಸ್ಟ್ರೈಕರ್ ಎಲ್ಲಿಗೆ ಬಂದು ಕೂರಬೇಕು ಅಂತ ಯಾರೂ ಹೇಳಿಕೊಡದೆಯೇ ನಿಮ್ಮ ಕಣ್ಣಿಗೆ ಗೊತ್ತು. ಯಾಕೆಂದರೆ ಕೇರಂ ಬೋರ್ಡನ್ನು ನೀವು ಮೇಲಿನಿಂದ ನೋಡುತ್ತೀರಿ. ಕಾಯಿನ್, ಪಾಕೆಟ್, ಅದರ ಹಿಂದಿನ ಖಾಲಿ ಜಾಗ, ಮೂರೂ ನಕ್ಷೆಯ ಹಾಗೆ ಕಾಣುತ್ತವೆ. ಪೂಲ್‌ನಲ್ಲಿ ನೀವು ಗದ್ದ ಕ್ಯೂಗೆ ತಾಗುವಷ್ಟು ಬಗ್ಗುತ್ತೀರಿ. ಬಗ್ಗಿದ ತಕ್ಷಣ ನಕ್ಷೆ ಮಾಯವಾಗುತ್ತದೆ. ಬಾಲ್ ಹಿಂದಿನ ಜಾಗ ಹಪ್ಪಳದ ಹಾಗೆ ಚಪ್ಪಟೆಯಾಗಿಬಿಡುತ್ತದೆ. ಎಷ್ಟೋ ಸಲ ಪಾಕೆಟ್ ಕೂಡ ಕಣ್ಣಿನ ಅಂಚಿಗೆ ಸರಿದಿರುತ್ತದೆ.

ಘೋಸ್ಟ್ ಬಾಲ್ ಲೆಕ್ಕ ಇಷ್ಟೇ: ಪಾಕೆಟ್‌ನ ನಡುವಿನಿಂದ ಬಾಲ್‌ನ ನಡುವಿಗೆ ಒಂದು ಗೆರೆ ಎಳೆಯಿರಿ. ಅದನ್ನು ಬಾಲ್ ಹಿಂದಕ್ಕೂ ಬೆಳೆಸಿ. ಬಾಲ್‌ಗೆ ಅಂಟಿಕೊಂಡು, ಅದೇ ಗೆರೆಯ ಮೇಲೆ, ಇನ್ನೊಂದು ಬಾಲ್ ಕೂತಿದೆ ಅಂದುಕೊಳ್ಳಿ. ವೈಟ್ ಬಂದು ಆ ಜಾಗದಲ್ಲೇ ಕೂರಬೇಕು. ಪೂಲ್ ಬಾಲ್‌ನ ಅಡ್ಡಳತೆ 57.15 ಮಿ.ಮೀ., ಸ್ನೂಕರ್ ಬಾಲ್‌ನದು 52.5 ಮಿ.ಮೀ. ಅಂದರೆ ಪೂಲ್‌ನಲ್ಲಿ ನೀವು ಗುರಿ ಇಡಬೇಕಾದ್ದು ಆ ಬಾಲ್‌ನ ನಡುವಿನಿಂದ 57 ಮಿ.ಮೀ. ಹಿಂದಿರುವ ಒಂದು ಖಾಲಿ ಜಾಗಕ್ಕೆ.

ನಾನು ಕ್ಯೂ ಹಿಡಿದದ್ದು ಕಂಟೋನ್ಮೆಂಟ್ ಕಡೆಯ ಒಂದು ಹಳೇ ಕ್ಲಬ್‌ನಲ್ಲಿ. ಅಲ್ಲಿನ ಮಾರ್ಕರ್ (ಟೇಬಲ್ ನೋಡಿಕೊಂಡು ಸ್ಕೋರ್ ಬರೆಯುವವರು) ಒಬ್ಬರು ವಯಸ್ಸಾದವರು, ಸಂಜೆ ಸದಸ್ಯರು ಬರುವ ಮುಂಚೆ ಅರ್ಧ ಗಂಟೆ ನನಗೆ ಟೇಬಲ್ ಬಿಡುತ್ತಿದ್ದರು. ಮೊದಲ ದಿನ ನಾನು ರೆಡ್ ಬಾಲ್‌ಗೆ ಕಟ್ ಹೊಡೆದೆ. ಬಾಲ್ ಪಾಕೆಟ್‌ನಿಂದ ಗೇಣು ದೂರ ಟೇಬಲ್ ಅಂಚಿನ ಕುಶನ್‌ಗೆ ಹೋಗಿ ಬಡಿಯಿತು. ಅವರು ಏನೂ ಹೇಳದೆ ರೆಡ್ ಇದ್ದ ಜಾಗಕ್ಕೆ ಅದನ್ನು ವಾಪಸ್ ಇಟ್ಟರು. ಅದರ ಹಿಂದೆ ಇನ್ನೊಂದು ಬಾಲ್ ಅಂಟಿಸಿ ಇಟ್ಟರು. ನನ್ನ ತೋರುಬೆರಳನ್ನು ಹಿಡಿದು ಆ ಎರಡನೇ ಬಾಲ್‌ನ ನೆತ್ತಿಯ ಮೇಲಿಟ್ಟರು. ಆಮೇಲೆ ಬೆರಳು ಅಲ್ಲೇ ಇರುವಾಗಲೇ ಬಾಲ್ ಮೆಲ್ಲಗೆ ತೆಗೆದರು. ‘ಈಗ ಬೆರಳು ಎಲ್ಲಿದೆಯೋ ಅಲ್ಲಿಗೆ ಹೊಡಿ ಮರಿ. ರೆಡ್ ಕಡೆ ನೋಡಲೇಬೇಡ’ ಅಂದರು. ಬಟ್ಟೆಯ ಮೇಲಿನ ಆ ಖಾಲಿ ಜಾಗ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಈಗ ನಿಮ್ಮಂಥ ಹೆಚ್ಚಿನವರು ಬೀಳುವ ಗುಂಡಿಗೆ ಬರುತ್ತೇನೆ. ಘೋಸ್ಟ್ ಬಾಲ್ ಅಂತ ಬಾಯಲ್ಲಿ ಹೇಳುತ್ತಾರೆ, ಬಗ್ಗಿದ ಮೇಲೆ ಕಣ್ಣು ಹೋಗಿ ನಿಲ್ಲುವುದು ಬಾಲ್‌ನ ಮೇಲೆ ವೈಟ್ ತಾಗಬೇಕಾದ ಚುಕ್ಕೆಯ ಮೇಲೆ. ಕ್ಯೂ ಕೂಡ ಅದೇ ಚುಕ್ಕೆಯ ಕಡೆಗೆ ತಿರುಗುತ್ತದೆ. ಇದು ತಪ್ಪು. ವೈಟ್ ಕೂಡ ಅಷ್ಟೇ ದಪ್ಪದ ಬಾಲ್ ತಾನೆ? ಅದರ ನಡುಭಾಗ ಆ ಚುಕ್ಕೆಗೆ ಹೋಗಿ ಮುಟ್ಟುವ ಮುಂಚೆಯೇ ಅದರ ಹೊಟ್ಟೆ ಬೇರೆ ಕಡೆ ತಾಗಿರುತ್ತದೆ.

30 ಡಿಗ್ರಿ ಕಟ್ ತೆಗೆದುಕೊಳ್ಳಿ. ವೈಟ್ ಹಿಂದೆ ನಿಂತು ನೋಡಿದರೆ ತಾಗಬೇಕಾದ ಚುಕ್ಕೆ ಬಾಲ್‌ನ ನಡುವಿಗೂ ಅಂಚಿಗೂ ಸರಿಯಾಗಿ ಮಧ್ಯದಲ್ಲಿ ಕಾಣುತ್ತದೆ. ನೀವು ಕ್ಯೂ ಅಲ್ಲಿಗೆ ತಿರುಗಿಸಿ ಹೊಡೆದರೆ ಬಾಲ್ ತಿರುಗುವುದು 30 ಡಿಗ್ರಿ ಅಲ್ಲ, ಹದಿನಾಲ್ಕೂವರೆ ಡಿಗ್ರಿ. ಅರ್ಧಕ್ಕಿಂತ ಕಡಿಮೆ! ಸರಿಯಾಗಿ ಬೀಳಬೇಕಾದರೆ ನಡುವಿನಿಂದ ಆ ಚುಕ್ಕೆಗೆ ಎಷ್ಟು ದೂರವೋ ಅಷ್ಟೇ ದೂರ ಇನ್ನೂ ಆಚೆಗೆ ಹೋಗಬೇಕು. ಅಂದರೆ ಕ್ಯೂ ಸೀದಾ ಬಾಲ್‌ನ ಅಂಚನ್ನು ನೋಡಬೇಕು. ಇದನ್ನೇ ದೂರ ಡಬಲ್ ಮಾಡುವ ಪದ್ಧತಿ ಅಂತ ಕಲಿಸುತ್ತಾರೆ. ಒಳ್ಳೆಯ ಪದ್ಧತಿ, ನಾನೂ ಕಲಿಸುತ್ತೇನೆ. ಆದರೆ 30 ಡಿಗ್ರಿ ದಾಟಿದ ಕಟ್‌ಗೆ ಗುರಿ ಬಾಲ್‌ನ ಆಚೆ ಗಾಳಿಯಲ್ಲಿ ಬೀಳುತ್ತದೆ. ಅಲ್ಲಿ ಹಿಡಿದುಕೊಳ್ಳಲು ಕಣ್ಣಿಗೆ ಏನೂ ಸಿಗುವುದಿಲ್ಲ. ತೆಳು ಕಟ್‌ಗಳು (ವೈಟ್ ಬಾಲ್‌ನ ಅಂಚನ್ನಷ್ಟೇ ಸವರುವಂಥವು) ಎಲ್ಲರಿಗೂ ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಫ್ರ್ಯಾಕ್ಷನ್ ಲೆಕ್ಕ ಇದೇ ಗೆರೆಯನ್ನು ಇನ್ನೊಂದು ಥರ ಹೇಳುತ್ತದೆ. ವೈಟ್ ಹೋಗಿ ತಾಗುವಾಗ ಬಾಲ್‌ನ ಎಷ್ಟು ಭಾಗ ಮುಚ್ಚುತ್ತದೆ? ಪೂರ್ತಿ ಮುಚ್ಚಿದರೆ ನೇರ. ಮುಕ್ಕಾಲು ಮುಚ್ಚಿದರೆ ಕಟ್ ಹದಿನಾಲ್ಕೂವರೆ ಡಿಗ್ರಿ. ಅರ್ಧ ಮುಚ್ಚಿದರೆ 30. ಕಾಲು ಭಾಗವಾದರೆ 48.6. ಇದು ಶಾಲೆಯಲ್ಲಿ ಕಲಿತ ಸೈನ್ ಲೆಕ್ಕವೇ, ಬೇರೇನಲ್ಲ. ಹಾಫ್ ಬಾಲ್ ಮಾತ್ರ ಚಿನ್ನದಂಥದ್ದು, ಯಾಕೆಂದರೆ ಅಲ್ಲಿ ಕ್ಯೂ ನೋಡಬೇಕಾದ್ದು ಬಾಲ್‌ನ ಅಂಚು. ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣುವ ವಸ್ತು. ಊಹೆ ಬೇಕಿಲ್ಲ. ನನ್ನ ಹತ್ತಿರ ಬರುವ ಯಾರಿಗೇ ಆಗಲಿ ಮೊದಲ ತಿಂಗಳು ಇದೊಂದೇ.

ತೊಂದರೆ ಎಲ್ಲಿ ಅಂದರೆ ಅರ್ಧಕ್ಕೂ ಕಾಲಿಗೂ ನಡುವೆ 18 ಡಿಗ್ರಿಗಿಂತ ಜಾಸ್ತಿ ಅಂತರ ಇದೆ. ಪಾಕೆಟ್ ಅಷ್ಟು ದೊಡ್ಡ ಮನಸ್ಸಿನದ್ದಲ್ಲ. ನಾಲ್ಕೂವರೆ ಇಂಚಿನ ಪಾಕೆಟ್‌ನಿಂದ ಒಂದು ಮೀಟರ್ ದೂರದಲ್ಲಿ ಬಾಲ್ ಇದ್ದರೆ ಆಚೆ ಈಚೆ ಒಂದೂವರೆ ಡಿಗ್ರಿ ತಪ್ಪಿದರೂ ಕ್ಷಮೆ ಇದೆ, ಅದಕ್ಕಿಂತ ಜಾಸ್ತಿ ಇಲ್ಲ. ಸ್ನೂಕರ್‌ನಲ್ಲಿ ಆ ಕ್ಷಮೆ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಾಲ್ಕು ಗೆರೆ ಕಲಿತು ಟೇಬಲ್ ಮೇಲಿನ ಎಲ್ಲ ಕಟ್ ಹಾಕುತ್ತೇನೆ ಅಂದರೆ ಆಗದ ಮಾತು. ‘ಹಾಫ್ ಬಾಲ್‌ಗಿಂತ ಸ್ವಲ್ಪ ತೆಳು’ ಅಂತ ನಡುವಿನ ಜಾಗವನ್ನು ಕಣ್ಣೇ ತುಂಬಬೇಕು. ಆ ‘ಸ್ವಲ್ಪ’ ಬರುವುದು ಸಾವಿರ ಸಲ ಹೊಡೆದ ಮೇಲೆ.

ಸೆಂಟರ್ ಟು ಎಡ್ಜ್ ಬಗ್ಗೆ ಕೇಳಿದ್ದೀರಿ. ಅಮೆರಿಕದಲ್ಲಿ ಹಾಲ್ ಹೌಲ್ ಅನ್ನುವವರ ಹೆಸರಿನ ಜೊತೆ ಬೆಳೆದ ಪದ್ಧತಿ ಅದು. ವೈಟ್‌ನ ನಡುವಿನಿಂದ ಬಾಲ್‌ನ ಅಂಚಿಗೆ ಒಂದು ಗೆರೆ ನೋಡಿಕೊಂಡು, ಇನ್ನೊಂದು ಗುರುತನ್ನು ಹೊಂದಿಸಿ, ಆಮೇಲೆ ಕ್ಯೂವನ್ನು ಸ್ವಲ್ಪ ತಿರುಗಿಸಿ ವೈಟ್‌ನ ನಡುವಿಗೆ ತರುತ್ತಾರೆ. ಇದರ ಸುತ್ತ ದೊಡ್ಡ ಜಗಳವೇ ಇದೆ. ನನ್ನ ಅಭಿಪ್ರಾಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬರೀ ರೇಖಾಗಣಿತ ಹಿಡಿದು ನೋಡಿದರೆ, ಕೆಲವೇ ಗುರುತುಗಳಿಂದ ಎಲ್ಲ ಕೋನಗಳೂ ತಾವಾಗಿಯೇ ಸಿಗುವುದು ಸಾಧ್ಯವಿಲ್ಲ. ವೈಟ್, ಬಾಲ್ ಎರಡೂ ಇದ್ದಲ್ಲೇ ಇದ್ದು ಪಾಕೆಟ್ ಒಂದು ಅಂಗೈ ಅಗಲ ಪಕ್ಕಕ್ಕೆ ಸರಿದರೆ ಹೊಡೆತ ಬದಲಾಗಲೇಬೇಕು, ಗುರುತುಗಳು ಮಾತ್ರ ಅವೇ ಇರುತ್ತವೆ. ಆ ವ್ಯತ್ಯಾಸವನ್ನು ಆಟಗಾರನ ಕಣ್ಣು ತನಗೇ ಗೊತ್ತಿಲ್ಲದೆ ತುಂಬುತ್ತದೆ. ಆದರೂ ಇದರಿಂದ ಆಟ ಸುಧಾರಿಸಿಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಪ್ರತಿ ಸಲ ತಲೆ ಒಂದೇ ಜಾಗಕ್ಕೆ ಬರುತ್ತದೆ, ಪ್ರತಿ ಸಲ ಅಂಚನ್ನು ಗಮನವಿಟ್ಟು ನೋಡುತ್ತಾರೆ, ಪ್ರತಿ ಸಲ ಒಂದೇ ಕ್ರಮ. ಆ ಶಿಸ್ತು ನಿಜವಾದ ಲಾಭ. ನಿಮಗೆ ಅದು ಒಗ್ಗಿದರೆ ಬಿಡಬೇಕಾಗಿಲ್ಲ. ಆದರೆ ನಿಮ್ಮ ಕಣ್ಣು ಇನ್ನೂ ಹಾಫ್ ಬಾಲನ್ನೇ ಗಟ್ಟಿಯಾಗಿ ಹಿಡಿದಿಲ್ಲದಿರುವಾಗ ಇದಕ್ಕೆ ಹೋಗಬೇಡಿ.

ಇನ್ನು ಕೈಯ ವಿಷಯ. ಒಂದು ಲೆಕ್ಕ ನೋಡಿ. ಪೂಲ್ ಟೇಬಲ್, ಹಾಫ್ ಬಾಲ್ ಕಟ್, ಬಾಲ್ ಪಾಕೆಟ್‌ನಿಂದ ಒಂದು ಮೀಟರ್, ವೈಟ್ ಬಾಲ್‌ನಿಂದ ಒಂದು ಮೀಟರ್. ಬಾಲ್ ಬೀಳಬೇಕಾದರೆ ವೈಟ್ ತನ್ನ ಜಾಗಕ್ಕೆ ಆಚೆ ಈಚೆ ಸುಮಾರು 1.4 ಮಿ.ಮೀ. ಒಳಗೆ ಬಂದು ಸೇರಬೇಕು. ಅಂದರೆ ವೈಟ್ ಹೊರಡುವ ದಿಕ್ಕಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಪಾಟ್ (ಬಾಲ್ ಬೀಳಿಸುವುದು) ಹೋಯಿತು. ನಡುವಿಗೆ ಹೊಡೆಯುತ್ತಿದ್ದೇನೆ ಅಂದುಕೊಂಡು ಟಿಪ್ (ಕ್ಯೂನ ತುದಿ) ಎರಡು ಮೂರು ಮಿ.ಮೀ. ಎಡಕ್ಕೆ ತಾಗಿದರೆ ವೈಟ್ ಬಲಕ್ಕೆ ಸಿಡಿಯುತ್ತದೆ, ಜೊತೆಗೆ ನೀವು ಕೇಳದ ಸೈಡ್ (ಪಕ್ಕದ ಸುತ್ತು) ಕೂಡ ಅದಕ್ಕೆ ಹತ್ತುತ್ತದೆ. ಅಷ್ಟಕ್ಕೇ ಆ ಹತ್ತನೇ ಒಂದು ಭಾಗ ದಾಟಿಹೋಗುತ್ತದೆ. ಗುರಿ ನೂರಕ್ಕೆ ನೂರು ಸರಿಯಿದ್ದೂ ಬಾಲ್ ತಪ್ಪುವುದು ಹೀಗೆ. ನೀವು ಆಗ ‘ಸಿಸ್ಟಮ್ ಕೈ ಕೊಟ್ಟಿತು’ ಅಂದುಕೊಂಡು ಇನ್ನೊಂದು ವಿಡಿಯೊ ಹುಡುಕುತ್ತೀರಿ.

ಸ್ಟ್ರೋಕ್ (ಕ್ಯೂ ಓಡಿಸುವ ರೀತಿ) ಪರೀಕ್ಷೆಗೆ ಹಳೆಯ ಉಪಾಯವೇ ಸಾಕು. ಸ್ನೂಕರ್ ಟೇಬಲ್‌ನಲ್ಲಿ ಬ್ರೌನ್ ಸ್ಪಾಟ್ (ಬ್ರೌನ್ ಬಾಲ್ ಇಡುವ ಗುರುತು) ಮೇಲೆ ವೈಟ್ ಇಟ್ಟು, ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲಿಂದ ನೇರವಾಗಿ ಕಳಿಸಿ. ಆಚೆ ಕುಶನ್ ತಾಗಿ ಬಂದ ವೈಟ್ ನಿಮ್ಮ ಟಿಪ್‌ಗೇ ಬಂದು ಮುಟ್ಟಬೇಕು. ಹೊಡೆದ ಮೇಲೆ ಕ್ಯೂ ಕದಲಿಸಬೇಡಿ, ತಲೆ ಎತ್ತಬೇಡಿ. ಹತ್ತರಲ್ಲಿ ಏಳೆಂಟು ಸಲ ಟಿಪ್‌ಗೆ ಬಂದರೆ ಕೈ ಪರವಾಗಿಲ್ಲ. ಪ್ರತಿ ಸಲ ಬಲಕ್ಕೇ ಬಂದರೆ, ನೀವು ಗೊತ್ತಿಲ್ಲದೆ ಸೈಡ್ ಕೊಡುತ್ತಿದ್ದೀರಿ, ಇಲ್ಲವೇ ನೇರ ಅಂತ ನಿಮ್ಮ ಕಣ್ಣು ತಿಳಿದಿರುವ ಗೆರೆಯೇ ನೇರ ಇಲ್ಲ.

ಮೂರನೆಯದು ಉಜ್ಜಾಟ. ಆಟಗಾರರು ಇದನ್ನು ಥ್ರೋ ಅಂತಾರೆ. ಇದರ ಬಗ್ಗೆ ನಮ್ಮಲ್ಲಿ ಕಲಿಸುವವರು ಕಡಿಮೆ, ನನಗೆ ಅದೇ ಬೇಸರ.

ಘೋಸ್ಟ್ ಬಾಲ್ ಲೆಕ್ಕದಲ್ಲಿ ಒಂದು ಮುಚ್ಚಿಟ್ಟ ಊಹೆ ಇದೆ: ಬಾಲ್‌ಗಳು ಒಂದಕ್ಕೊಂದು ಜಾರುವಾಗ ಎಳೆಯುವುದೇ ಇಲ್ಲ ಅಂತ. ನಿಜದಲ್ಲಿ ಎಳೆಯುತ್ತವೆ. ಕಟ್ ಹೊಡೆದಾಗ ವೈಟ್ ಆ ಬಾಲ್‌ನ ಪಕ್ಕವನ್ನು ಸವರಿಕೊಂಡು ಹೋಗುತ್ತದೆ, ಹೋಗುತ್ತಾ ಅದನ್ನು ತನ್ನ ದಾರಿಯ ಕಡೆಗೆ ಒಂಚೂರು ಎಳೆದುಕೊಳ್ಳುತ್ತದೆ. ಹಾಗಾಗಿ ಬಾಲ್ ನೀವು ಅಂದುಕೊಂಡಷ್ಟು ತಿರುಗುವುದಿಲ್ಲ, ದಪ್ಪ ಹೊಡೆದ ಹಾಗೆ, ಅಂದರೆ ಬಾಲ್‌ನ ಹೆಚ್ಚು ಭಾಗಕ್ಕೆ ತಾಗಿಸಿದ ಹಾಗೆ, ಹೋಗುತ್ತದೆ. ಹಾಫ್ ಬಾಲ್ ಆಸುಪಾಸಿನ ಕಟ್, ಮೆಲ್ಲನೆ ಹೊಡೆತ, ತಾಗುವಾಗ ವೈಟ್ ಉರುಳದೆ ಜಾರುತ್ತಿರುವುದು, ಈ ಮೂರೂ ಸೇರಿದರೆ ಎಳೆತ ಅತಿ ಹೆಚ್ಚು. ಮೂರು ಡಿಗ್ರಿ ಎಳೆಯಿತು ಅಂದುಕೊಳ್ಳಿ. ಒಂದು ಮೀಟರ್ ಹೋಗುವಷ್ಟರಲ್ಲಿ ಬಾಲ್ 52 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ, ಒಂದು ಇಡೀ ಸ್ನೂಕರ್ ಬಾಲ್‌ನಷ್ಟು ಅಗಲ. ಪಾಕೆಟ್‌ಗೆ ಬೀಳದೆ ಅದರ ಬಾಯಿಯ ಅಂಚಿಗೆ ಬಡಿಯುತ್ತದೆ.

ಜೋರಾಗಿ ಹೊಡೆದಾಗ ಎಳೆತ ಕಡಿಮೆ. ವೈಟ್ ಚೆನ್ನಾಗಿ ಉರುಳುತ್ತಾ ಬಂದು ತಾಗಿದರೂ ಕಡಿಮೆ. ಬಾಲ್ ಕೊಳೆಯಾಗಿದ್ದರೆ, ಚಾಕ್ ಪುಡಿ ಹತ್ತಿದ್ದರೆ ಜಾಸ್ತಿ. ಪಾರ್ಲರ್‌ಗಳಲ್ಲಿ ಬಾಲ್ ತೊಳೆಯುವುದು ಅಪರೂಪ. ಬೆಂಗಳೂರಿನ ಮಳೆಗಾಲದಲ್ಲಿ, ಹೊರಗೆ ಮಳೆ ಸುರಿಯುತ್ತಿರುವ ಸಂಜೆ, ಬಟ್ಟೆ ಭಾರವಾಗಿ ವೈಟ್ ಓಡುವುದಿಲ್ಲ. ಬೇಸಿಗೆಯಲ್ಲಿ ಕೂತ ಗುರಿ ಜುಲೈಯಲ್ಲಿ ತಪ್ಪುತ್ತಿದೆ ಅಂತ ಗಾಬರಿಯಾಗಿ ಬರುವವರಿಗೆ ನಾನು ಮೊದಲು ಹೇಳುವುದು, ಒಣ ಬಟ್ಟೆ ತಗೊಂಡು ಬಾಲ್ ಎಲ್ಲ ಒರೆಸಿ ಅಂತ. ಅದಕ್ಕೇ ಅರ್ಧ ರೋಗ ವಾಸಿಯಾದದ್ದುಂಟು.

ಥ್ರೋಗೆ ಮದ್ದು ಎರಡಿವೆ. ಒಂದು, ಮೆಲ್ಲನೆಯ ಕಟ್‌ಗೆ ಒಂದು ಕೂದಲು ತೆಳು ನೋಡಿಕೊಳ್ಳುವುದು. ಎರಡನೆಯದು, ಕಟ್‌ನ ಹೊರಬದಿಯ ಸೈಡ್ ಸ್ವಲ್ಪ ಕೊಡುವುದು. ಆಗ ಎರಡು ಬಾಲ್‌ಗಳೂ ಹಲ್ಲಿನ ಚಕ್ರಗಳ ಹಾಗೆ ಒಂದರ ಮೇಲೊಂದು ಉರುಳುತ್ತವೆ, ಉಜ್ಜಾಟವೇ ಇರುವುದಿಲ್ಲ. ಕೇಳಲು ಚಂದ. ಆದರೆ ಸೈಡ್ ಕೊಟ್ಟ ತಕ್ಷಣ ವೈಟ್ ಹೊರಡುವಾಗಲೇ ಎದುರು ಬದಿಗೆ ಸಿಡಿಯುತ್ತದೆ, ಕ್ಯೂನ ಹಿಂಭಾಗ ಎತ್ತಿದ್ದರೆ ದಾರಿಯಲ್ಲಿ ಬಾಗಿಕೊಂಡು ವಾಪಸ್ ಬರುತ್ತದೆ. ಒಂದು ತೊಂದರೆ ಕಳೆಯಲು ಎರಡನ್ನು ಮನೆಗೆ ಕರೆದ ಹಾಗಾಯಿತು. ಈಗಿನ್ನೂ ನಿಮಗೆ ಅದು ಬೇಡ. ವೈಟ್‌ನ ನಡುವಿಗಿಂತ ಒಂಚೂರು ಮೇಲೆ ಹೊಡೆದು ಉರುಳಿಸಿ, ಮಧ್ಯಮ ವೇಗ ಇರಲಿ.

ಇಲ್ಲಿ ಬಿಲಿಯರ್ಡ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು, ಅದು ನಮ್ಮ ಊರಿನ ಹೆಮ್ಮೆಯ ಆಟ. ಮೂರೇ ಬಾಲ್. ರೆಡ್‌ಗೆ ತಾಗಿ ವೈಟ್ ತಾನೇ ಪಾಕೆಟ್‌ಗೆ ಹೋದರೆ ಇನ್-ಆಫ್, ಮೂರು ಪಾಯಿಂಟ್. ಆ ಆಟದ ಅಡಿಪಾಯವೇ ಹಾಫ್ ಬಾಲ್. ಉರುಳುತ್ತಾ ಬಂದ ವೈಟ್ ಹಾಫ್ ಬಾಲ್ ತಾಗಿದರೆ ತನ್ನ ದಾರಿಯಿಂದ ಸುಮಾರು 34 ಡಿಗ್ರಿ ತಿರುಗುತ್ತದೆ. ಸೋಜಿಗ ಏನೆಂದರೆ ನೀವು ಒಂಚೂರು ದಪ್ಪ ಹೊಡೆದರೂ, ಒಂಚೂರು ತೆಳು ಹೊಡೆದರೂ ಆ ಕೋನ ಹೆಚ್ಚು ಬದಲಾಗುವುದಿಲ್ಲ. ಮುಕ್ಕಾಲು ಬಾಲ್‌ನಿಂದ ಕಾಲು ಬಾಲ್‌ವರೆಗೂ ಅದು ಸುಮಾರು 27ರಿಂದ 34ರ ನಡುವೆಯೇ ಇರುತ್ತದೆ. ತಾಯಿಯಂತೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಕೋನ ಅದು. ಆದರೆ ಗಮನಿಸಿ, ಅದು ಕ್ಷಮಿಸುವುದು ವೈಟ್‌ನ ದಾರಿಯನ್ನು ಮಾತ್ರ. ಅದೇ ಹೊಡೆತದಲ್ಲಿ ರೆಡ್‌ನ ದಾರಿ ಪೂರ್ತಿ ಬದಲಾಗುತ್ತದೆ. ಹಾಗಾಗಿ ಬಿಲಿಯರ್ಡ್ಸ್ ಕಲಿತವನು ಇನ್-ಆಫ್ ಬಿದ್ದ ಮೇಲೂ ರೆಡ್ ಎಲ್ಲಿಗೆ ಹೋಗಿ ನಿಂತಿತು ಅಂತ ನೋಡಿ, ತನ್ನ ಹೊಡೆತ ಎಷ್ಟು ಕೂದಲು ಜಾರಿತು ಅಂತ ಹೇಳಬಲ್ಲ. ಪಂಕಜ್ ಅಡ್ವಾಣಿ ಅರವಿಂದ್ ಸವೂರ್ ಅವರ ಹತ್ತಿರ ಇದೇ ಬೆಂಗಳೂರಿನಲ್ಲಿ ಕಲಿತು, 2003ರಲ್ಲಿ ಸ್ನೂಕರ್‌ನಲ್ಲೂ 2005ರಲ್ಲಿ ಬಿಲಿಯರ್ಡ್ಸ್‌ನಲ್ಲೂ ವಿಶ್ವ ಚಾಂಪಿಯನ್ ಆದರು. ಎರಡೂ ಆಟವನ್ನು ಒಟ್ಟಿಗೆ ಆ ಎತ್ತರದಲ್ಲಿ ಆಡುವವರು ತೀರ ವಿರಳ. ನಿಮ್ಮ ಪಾರ್ಲರ್‌ನ ಸ್ನೂಕರ್ ಟೇಬಲ್ ಖಾಲಿ ಇದ್ದಾಗ ಮೂರು ಬಾಲ್ ಇಟ್ಟುಕೊಂಡು ಒಂದು ಗಂಟೆ ಬರೀ ಇನ್-ಆಫ್ ಹೊಡೆಯಿರಿ. ಪಾಟಿಂಗ್‌ಗೂ ಇದಕ್ಕಿಂತ ಒಳ್ಳೆಯ ಕಣ್ಣಿನ ವ್ಯಾಯಾಮ ನನಗೆ ಗೊತ್ತಿಲ್ಲ.

ಕಣ್ಣು ಅಂದ ಮೇಲೆ ಇದೂ ಒಂದು. ಎರಡು ಕಣ್ಣಿನ ನಡುವೆ ಕ್ಯೂ ಇರಬೇಕು ಅಂತ ಎಲ್ಲರಿಗೂ ಒಂದೇ ಅಳತೆ ಹೊಲಿಯಬಾರದು. 1927ರಿಂದ 1946ರವರೆಗೆ ಹದಿನೈದು ಸಲ ಸ್ನೂಕರ್ ವಿಶ್ವ ಚಾಂಪಿಯನ್ ಆದ ಜೋ ಡೇವಿಸ್ ಕ್ಯೂವನ್ನು ಎಡಗಣ್ಣಿನ ಕೆಳಗೆ ಓಡಿಸುತ್ತಿದ್ದರು. ಅವರ ಬಲಗಣ್ಣು ಮಂದವಾಗಿತ್ತು. ನನ್ನ ಹತ್ತಿರ ಬರುವ ಒಬ್ಬ ಹುಡುಗಿಗೆ ಬಲಕ್ಕೆ ಹೋಗುವ ಕಟ್ ಎಲ್ಲ ದಪ್ಪ, ಎಡಕ್ಕೆ ಹೋಗುವ ಕಟ್ ಎಲ್ಲ ತೆಳು ಆಗುತ್ತಿತ್ತು. ಆರು ತಿಂಗಳು ಸಿಸ್ಟಮ್ ಬದಲಾಯಿಸಿ ಬದಲಾಯಿಸಿ ಸೋತು ಬಂದಿದ್ದಳು. ಎರಡು ಬಾಲ್‌ಗಳನ್ನು ಎರಡು ಅಡಿ ಅಂತರದಲ್ಲಿಟ್ಟು, ಅವುಗಳ ಗೆರೆಯಲ್ಲಿ ಕ್ಯೂ ಇಟ್ಟೆ. ಬಗ್ಗಿ ನೋಡಿ ಹೇಳು, ಕ್ಯೂ ಎರಡನೇ ಬಾಲ್‌ನ ನಡುವಿಗೆ ಇದೆಯಾ ಅಂದೆ. ‘ಇಲ್ಲ ಸರ್, ಎಡಕ್ಕಿದೆ’ ಅಂದಳು. ಕ್ಯೂ ಅಲುಗಿಸದೆ ತಲೆಯನ್ನು ಮಾತ್ರ ಮೆಲ್ಲಗೆ ಸರಿಸಲು ಹೇಳಿದೆ. ಒಂದು ಬೆರಳಿನ ಅಗಲ ಸರಿಸಿದ್ದಳು ಅಷ್ಟೇ, ‘ಈಗ ಸರಿಯಾಯ್ತು’ ಅಂದಳು. ಆ ದಿನವೇ ಅವಳ ಕಟ್ ಬೀಳಲು ಶುರುವಾಯಿತು. ಅವಳ ಗುರಿ ಹಾಕುವ ಲೆಕ್ಕ ಮೊದಲಿನಿಂದಲೂ ಸರಿಯೇ ಇತ್ತು.

ಈಗ ನೀವು ಮಾಡಬೇಕಾದ್ದು. ಪಂಚ್ ಮಾಡಿದ ಹಾಳೆಯ ತೂತಿನ ಸುತ್ತ ಅಂಟಿಸುವ ಸಣ್ಣ ಬಿಳಿ ರಿಂಗ್ ಸ್ಟಿಕ್ಕರ್ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಅವೆನ್ಯೂ ರಸ್ತೆ ಕಡೆ ಹೋದರೆ ಖಂಡಿತ ಸಿಗುತ್ತದೆ. ಟೇಬಲ್ ಮೇಲೆ ಅಂಟಿಸುವ ಮುಂಚೆ ಪಾರ್ಲರ್‌ನವರನ್ನು ಒಂದು ಮಾತು ಕೇಳಿ, ಬಟ್ಟೆ ಅವರದ್ದು. ಕಾರ್ನರ್ ಪಾಕೆಟ್‌ನಿಂದ ಎರಡು ಅಡಿ ದೂರದಲ್ಲಿ ಒಂದು ಬಾಲ್ ಇಟ್ಟು, ಅದರ ಜಾಗಕ್ಕೂ ಒಂದು ರಿಂಗ್ ಹಾಕಿ. ಅದರ ಹಿಂದೆ ಪಾಕೆಟ್‌ನ ನೇರಕ್ಕೆ ಇನ್ನೊಂದು ಬಾಲ್ ಅಂಟಿಸಿಟ್ಟು, ಅದು ಕೂತ ಜಾಗದಲ್ಲಿ ಎರಡನೇ ರಿಂಗ್ ಹಾಕಿ. ಹಿಂದಿನ ಬಾಲ್ ತೆಗೆಯಿರಿ. ಈಗ ಘೋಸ್ಟ್ ಬಾಲ್ ಕಣ್ಣಿಗೆ ಕಾಣುತ್ತಿದೆ, ಊಹಿಸಬೇಕಾಗಿಲ್ಲ. ಎರಡನೇ ರಿಂಗ್‌ನಿಂದ ಎರಡು ಮೂರು ಅಡಿ ಹಿಂದೆ ವೈಟ್ ಇಡಿ. ವೈಟ್‌ನ ನಡುವಿನಿಂದ ರಿಂಗ್‌ನ ನಡುವಿಗೆ ಎಳೆದ ಗೆರೆ ಬಾಲ್‌ನ ಅಂಚಿಗೆ ಹೋಗುವ ಹಾಗಿದ್ದರೆ ಅದು ಹಾಫ್ ಬಾಲ್.

ನಿಂತುಕೊಂಡೇ ಗೆರೆ ನೋಡಿ. ಆ ಗೆರೆಯ ಮೇಲೆ ಹಿಂಗಾಲು ಇಟ್ಟು ಸೀದಾ ಒಳಗೆ ನಡೆದು ಬಗ್ಗಿ. ಬಗ್ಗಿದ ಮೇಲೆ ಗುರಿ ತಪ್ಪಾಗಿದೆ ಅನಿಸಿದರೆ ಮಲಗಿದಲ್ಲೇ ಕ್ಯೂ ತಿರುಗಿಸಬೇಡಿ. ಎದ್ದು ನಿಂತು ಮೊದಲಿನಿಂದ ಮಾಡಿ. ಇಡೀ ಉತ್ತರದಲ್ಲಿ ಒಂದನ್ನೇ ಹಿಡಿಯಿರಿ ಅಂದರೆ ನಾನು ಇದನ್ನು ಹಿಡಿಯಿರಿ ಅನ್ನುತ್ತೇನೆ, ಯಾಕೆಂದರೆ ನಕ್ಷೆ ಕಾಣುವುದು ನಿಂತಾಗ ಮಾತ್ರ.

ಮಧ್ಯಮ ವೇಗದಲ್ಲಿ ಬಲ ಕಟ್ 20, ಎಡ ಕಟ್ 20. ಆಮೇಲೆ ಅಷ್ಟನ್ನೇ ಮೆಲ್ಲನೆ. ಬಿತ್ತೋ ಇಲ್ಲವೋ ಅನ್ನುವುದಕ್ಕಿಂತ ತಪ್ಪಿದ್ದು ದಪ್ಪವಾಗಿಯೋ ತೆಳುವಾಗಿಯೋ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ದಪ್ಪಕ್ಕೆ ‘ದ’, ತೆಳುವಿಗೆ ‘ತೆ’, ಸಾಕು. ಮಧ್ಯಮ ವೇಗದಲ್ಲಿ ಬಿದ್ದು, ಮೆಲ್ಲನೆ ಹೊಡೆದಾಗ ಮಾತ್ರ ‘ದ’ ಸಾಲು ಬಂದರೆ ಅದು ಥ್ರೋ. ಎರಡೂ ವೇಗದಲ್ಲಿ, ಎರಡೂ ಬದಿಗೆ ‘ದ’ ಬಂದರೆ ನಿಮ್ಮ ಕಣ್ಣು ಇನ್ನೂ ಬಾಲ್ ಮೇಲಿನ ಚುಕ್ಕೆಯನ್ನೇ ನೋಡುತ್ತಿದೆ. ಒಂದು ಬದಿ ‘ದ’, ಇನ್ನೊಂದು ಬದಿ ‘ತೆ’ ಬಂದರೆ ತಲೆ ಇರುವ ಜಾಗ, ಇಲ್ಲವೇ ಗೊತ್ತಿಲ್ಲದೆ ಕೊಡುತ್ತಿರುವ ಸೈಡ್. ಯಾವುದು ಅನ್ನುವುದನ್ನು ಬ್ರೌನ್ ಸ್ಪಾಟ್ ಪರೀಕ್ಷೆ ಮತ್ತು ಎರಡು ಬಾಲ್‌ಗಳ ಪರೀಕ್ಷೆ ಬೇರ್ಪಡಿಸುತ್ತವೆ. ‘ದ’, ‘ತೆ’ ಎರಡೂ ಕಲಸುಮೇಲೋಗರವಾಗಿ ಬಂದರೆ ಗುರಿಯ ಗೊಡವೆ ಬಿಟ್ಟು ಎರಡು ವಾರ ಬರೀ ಸ್ಟ್ರೋಕ್ ಮಾಡಿ.

ನಿಮ್ಮ ಪತ್ರ ನೋಡಿದರೆ ನೇರ ಬಾಲ್ ಬೀಳುತ್ತಿದೆ, ಕಟ್ ಮಾತ್ರ ಹೋಗುತ್ತಿದೆ. ಹಾಗಾಗಿ ನನ್ನ ಅಂದಾಜು, ಹಾಳೆ ತುಂಬ ‘ದ’ ಇರುತ್ತದೆ. ಎರಡು ವಾರ ಬಿಟ್ಟು ಅದರ ಫೋಟೊ ಕಳಿಸಿ, ಮುಂದಿನದನ್ನು ಆ ಹಾಳೆ ನೋಡಿ ಹೇಳುತ್ತೇನೆ.